ಮುಕ್ತ ಕೋಡೆಕ್‌ಗಳ ಉತ್ಪತ್ತಿವಿಚಾರ

ಧ್ವನಿಯನ್ನೂ ಚಲಿಸುವ ಚಿತ್ರವನ್ನೂ ಅಂಕಗಳ ರೂಪಕ್ಕೆ ತಂದು, ಆ ಅಂಕರಾಶಿಯನ್ನು ಸಂಕ್ಷೇಪಿಸಿ, ಬೇರೊಂದೆಡೆಯಲ್ಲಿ ಅದನ್ನು ಪುನಃ ವಿಸ್ತರಿಸಿ ಕೇಳುವಂತೆಯೂ ನೋಡುವಂತೆಯೂ ಮಾಡುವ ಕ್ರಮಕ್ಕೆ ಕೋಡೆಕ್ ಎಂದು ವ್ಯವಹಾರ. ಇಂತಹ ಕ್ರಮಗಳಲ್ಲಿ ಯಾರ ಅನುಜ್ಞೆಯನ್ನೂ ಬೇಡದೆ, ಯಾರಿಗೂ ಶುಲ್ಕವನ್ನು ತೆರದೆ ಬಳಸಬಹುದಾದ, ಮೂಲಪಾಠವು ಎಲ್ಲರ ಕಣ್ಣಿಗೂ ತೆರೆದಿರುವ ಕೆಲವು ಉಂಟು. ವಾರ್ಬಿಸ್, ಫ್ಲ್ಯಾಕ್, ಥಿಯೋರಾ, ಓಪಸ್, ಎ.ವಿ.೧ ಎಂಬುವು ಅವುಗಳಲ್ಲಿ ಮುಖ್ಯವಾದುವು. ಇವು ಹುಟ್ಟಿದುದು ಹಣವನ್ನು ಉಳಿಸುವುದಕ್ಕಾಗಿ ಎಂಬುದು ಸಾಮಾನ್ಯವಾದ ಅಭಿಪ್ರಾಯ. ಈ ಅಭಿಪ್ರಾಯವು ಸುಳ್ಳಲ್ಲವಾದರೂ ಸಾಲದು. ಸಂಕ್ಷೇಪಿಸಿಟ್ಟುದನ್ನು ಬಿಡಿಸಿ ಓದುವ ಅಧಿಕಾರವು ಯಾರ ಕೈಯಲ್ಲಿರತಕ್ಕದ್ದೆಂಬ ಪ್ರಶ್ನೆಯೇ ಇವುಗಳ ಚರಿತ್ರೆಯಲ್ಲಿ ಆದಿಯಿಂದಲೂ ಕಾಣಬರುವುದು.

ಮೊದಲು ಸಂಕ್ಷೇಪದ ಅಗತ್ಯವನ್ನು ತಿಳಿಯಬೇಕು. ಸಂಗೀತದ ಸಿ.ಡಿ. ತಟ್ಟೆಯಲ್ಲಿ ಒಂದು ಸೆಕೆಂಡಿನ ನಾದವನ್ನು ೪೪,೧೦೦ ಸಲ ಅಳೆದು, ಪ್ರತಿಯೊಂದು ಅಳತೆಯನ್ನು ೧೬ ಬಿಟ್‌ಗಳಲ್ಲಿ ಬರೆದಿಡುವರು. ಎಡ ಬಲಗಳೆರಡೂ ಸೇರಿ ಸೆಕೆಂಡಿಗೆ ೧೪,೧೧,೨೦೦ ಬಿಟ್‌ಗಳಾಗುವುವು. ತೊಂಬತ್ತರ ದಶಕದ ದೂರವಾಣಿ ತಂತಿಗಳಿಗೆ ಇದು ಹೊರಲಾರದ ಹೊರೆ. ಕಿವಿಗೆ ಹೇಗೂ ಕೇಳಿಸದ ಅಂಶವನ್ನು ಬಿಟ್ಟುಬಿಟ್ಟರೆ ಹೊರೆಯು ತಗ್ಗುವುದೆಂಬುದೇ ಉಪಾಯ. ಮಂಗಳಾರತಿಯ ಘಂಟಾನಾದದ ನಡುವೆ ಪಕ್ಕದವರ ಪಿಸುಮಾತು ಕೇಳಿಸದಿರುವುದು ಎಲ್ಲರ ಅನುಭವವಷ್ಟೆ. ಈ ತತ್ತ್ವವನ್ನನುಸರಿಸಿ ಜರ್ಮನಿಯ ಎರ್ಲಾಂಗೆನ್ ಪಟ್ಟಣದ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮೊದಲಾದವರು ಬೆಳೆಯಿಸಿದ ಕ್ರಮವು ೧೯೯೩ರಲ್ಲಿ ಅಂತರರಾಷ್ಟ್ರೀಯ ಪ್ರಮಾಣಗ್ರಂಥದೊಳಗೆ ಪ್ರಕಟವಾಗಿ, ೧೯೯೫ರಿಂದ ಎಂ.ಪಿ.೩ ಎಂಬ ಹೆಸರನ್ನು ಪಡೆಯಿತು. ಸೆಕೆಂಡಿಗೆ ೧,೨೮,೦೦೦ ಬಿಟ್‌ಗಳಲ್ಲಿ, ಎಂದರೆ ಮೂಲದ ಹನ್ನೊಂದನೆಯ ಒಂದು ಪಾಲಿನಲ್ಲಿ, ಹಾಡು ಹಾಡಾಗಿಯೇ ಕೇಳಿಸುವಂತಾಯಿತು. ಆದರೆ ಪ್ರಮಾಣಗ್ರಂಥವನ್ನು ಯಾರಾದರೂ ಓದಬಹುದಾಗಿದ್ದರೂ ಅದರಂತೆ ಪ್ರಯೋಗಿಸುವುದಕ್ಕೆ ಪೇಟೆಂಟುಗಳನ್ನು ಹೊಂದಿದವರ ಒಪ್ಪಿಗೆ ಬೇಕಾಗಿದ್ದಿತು. ಅಧ್ಯಯನಕ್ಕೆ ಅಧಿಕಾರವುಂಟು, ಅನುಷ್ಠಾನಕ್ಕಿಲ್ಲ ಎಂಬ ಸ್ಥಿತಿ.

೧೯೯೮ರ ಸೆಪ್ಟೆಂಬರಿನಲ್ಲಿ ಫ್ರೌನ್‌ಹೋಫರ್ ಸಂಸ್ಥೆಯು ಎಂ.ಪಿ.೩ ಸಂಕ್ಷೇಪಕಗಳನ್ನು ಉಚಿತವಾಗಿ ರಚಿಸಿ ಹಂಚುತ್ತಿದ್ದವರಿಗೆ ಪತ್ರ ಬರೆದು, ಲೈಸೆನ್ಸ್ ಶುಲ್ಕವನ್ನು ಸಲ್ಲಿಸಬೇಕೆಂದು ತಿಳಿಸಿತು. ವಾರ್ಬಿಸ್ ಈ ಪತ್ರಕ್ಕೆ ಉತ್ತರವಾಗಿ ಹುಟ್ಟಿತೆಂದು ಹೇಳುವ ವಾಡಿಕೆಯುಂಟು. ಕಾಲಕ್ರಮವನ್ನು ಪರಿಶೀಲಿಸಿದರೆ ಈ ಮಾತನ್ನು ಸ್ವಲ್ಪ ತಿದ್ದಬೇಕಾಗುವುದು. ಕ್ರಿಸ್ಟೋಫರ್ ಮಾಂಟ್‌ಗೊಮರಿ ಎಂಬ ಅಮೆರಿಕದ ವಿದ್ವಾಂಸನು ಆಗ್ ಎಂಬ ಹೆಸರಿನ ಧ್ವನಿಸಂಕ್ಷೇಪಕಾರ್ಯಕ್ಕೆ ಬೀಜವನ್ನು ಹಾಕಿದುದು ೧೯೯೩ರಲ್ಲಿ. ಪತ್ರಕ್ಕೆ ಐದು ವರ್ಷ ಮೊದಲು. ಪತ್ರವು ಮಾಡಿದುದು ಬೀಜಾವಾಪವಲ್ಲ, ನೀರೆರೆದುದು. ಅಲ್ಲಿಯವರೆಗೆ ವಿನೋದಪ್ರಾಯವಾಗಿದ್ದ ಕೆಲಸವು ಆಮೇಲೆ ವ್ರತವಾಯಿತು. ಮಾಂಟ್‌ಗೊಮರಿಯೂ ಆತನ ಜೊತೆಗಾರರೂ ಕಟ್ಟಿದ ಜಿಫ್ ಎಂಬ ಸಂಸ್ಥೆಯು ಅನ್ಯರ ಹಕ್ಕಿಗೆ ಒಳಪಟ್ಟ ಮಾರ್ಗಗಳನ್ನು ತಿಳಿದು ತಿಳಿದು ತಪ್ಪಿಸಿಕೊಂಡು ಹೊಸ ದಾರಿಯನ್ನು ಹೂಡಿತು. ಆಗ್ ಎಂಬುದು ಸಂಪುಟ. ಅದರೊಳಗಿಡುವ ಗ್ರಂಥವು ವಾರ್ಬಿಸ್. ಈ ಎರಡನೆಯ ಹೆಸರು ಟೆರಿ ಪ್ರ್ಯಾಚೆಟ್ ಎಂಬ ಆಂಗ್ಲ ಕಾದಂಬರಿಕಾರನ ಕೃತಿಯೊಂದರಲ್ಲಿ ಬರುವ ಕ್ರೂರನಾದ ಧರ್ಮವಿಚಾರಣಾಧಿಕಾರಿಯದು. ಸ್ವಾತಂತ್ರ್ಯಕ್ಕಾಗಿ ಹುಟ್ಟಿದ ಶಿಶುವಿಗೆ ಈ ನಾಮಕರಣವೇಕೆಂದು ಕೇಳಬಾರದು; ತಂತ್ರಜ್ಞರ ವಿನೋದಕ್ಕೆ ಲಕ್ಷಣವಿಲ್ಲ.

ವಾರ್ಬಿಸಿನ ರಚನೆಯಲ್ಲಿ ಒಂದಂಶವು ಸಂಸ್ಕೃತ ವ್ಯಾಕರಣವನ್ನು ಬಲ್ಲವರಿಗೆ ವಿಶೇಷವಾಗಿ ರುಚಿಸತಕ್ಕದ್ದು. ಪಾಣಿನಿಯು ‘ಅಚ್’ ಎಂದು ಒಂದೇ ಅಕ್ಷರದ ಅಳತೆಯಲ್ಲಿ ಹೇಳಿದುದು ಸಮಸ್ತ ಸ್ವರಗಳೂ ಎಂದು ನಮ್ಮ ವಿದ್ಯಾರ್ಥಿಗಳಿಗೆ ಅರ್ಥವಾಗುವುದು ಹದಿನಾಲ್ಕು ಮಾಹೇಶ್ವರಸೂತ್ರಗಳು ಅವರಿಗೆ ಮೊದಲೇ ಕಂಠಸ್ಥವಾಗಿರುವುದರಿಂದ. ಹೇಳುವವನಿಗೂ ಕೇಳುವವನಿಗೂ ಒಂದೇ ಕೋಷ್ಟಕವಿದ್ದರಲ್ಲದೆ ಲಾಘವವು ಸಾಧಿಸದು. ಎಂ.ಪಿ.೩ರಲ್ಲಿ ಈ ಕೋಷ್ಟಕಗಳು ಪ್ರಮಾಣಗ್ರಂಥದಲ್ಲಿಯೇ ಒಮ್ಮೆಗೇ ನಿಶ್ಚಿತವಾಗಿರುವುವು. ವಾರ್ಬಿಸಿನಲ್ಲಿಯಾದರೋ ಪ್ರತಿಯೊಂದು ಧ್ವನಿಪ್ರವಾಹವೂ ತನ್ನ ಕೋಷ್ಟಕಗಳನ್ನು ತಾನೇ ಶಿರೋಭಾಗದಲ್ಲಿ ಹೊತ್ತು ಬರುವುದು. ಗ್ರಂಥವೊಂದು ತನ್ನ ಪರಿಭಾಷಾಪ್ರಕರಣವನ್ನು ಮುಂದಿಟ್ಟುಕೊಂಡು ಬಂದಂತೆ. ಇದರಿಂದ ನಷ್ಟವೂ ಉಂಟು: ಶಿರೋಭಾಗವು ದೊರೆಯದಿದ್ದರೆ ಮುಂದಿನದೊಂದೂ ಅರ್ಥವಾಗದು. ಲಾಭವು ಅದಕ್ಕಿಂತ ದೊಡ್ಡದು. ಬಿಡಿಸಿ ಓದುವ ಯಂತ್ರವನ್ನು ಸ್ವಲ್ಪವೂ ಬದಲಾಯಿಸದೆ, ಸಂಕ್ಷೇಪಿಸುವವರು ತಮ್ಮ ಕೋಷ್ಟಕಗಳನ್ನೂ ವಿವೇಚನೆಯನ್ನೂ ವರ್ಷ ವರ್ಷಕ್ಕೆ ಉತ್ತಮಪಡಿಸಬಹುದು. ಹೊರಗಿನವರು ಮಾಡಿದ ಅಂತಹ ಒಂದು ಪರಿಷ್ಕಾರವು ೨೦೦೪ರಲ್ಲಿ ೧.೧ನೆಯ ಆವೃತ್ತಿಯ ಮೂಲಪಾಠಕ್ಕೇ ಸೇರಿತು.

ಇದು ಸಾಧ್ಯವಾದುದಕ್ಕೆ ಕಾರಣವನ್ನು ಅವರು ಕೈಕೊಂಡ ಕ್ರಮದಲ್ಲಿ ನೋಡಬೇಕು. ೨೦೦೦ದ ಮೇ ತಿಂಗಳಲ್ಲಿ, ತಂತ್ರಾಂಶವು ಇನ್ನೂ ಅಪಕ್ವವಾಗಿರುವಾಗಲೇ, ಪ್ರವಾಹದ ಲಕ್ಷಣವನ್ನು ಇನ್ನು ಮೇಲೆ ಬದಲಾಯಿಸುವುದಿಲ್ಲವೆಂದು ಸ್ಥಿರಪಡಿಸಿದರು. ಪೂರ್ಣವಾದ ೧.೦ ಆವೃತ್ತಿಯು ಹೊರಬಂದುದು ೨೦೦೨ರ ಜುಲೈ ೧೯ರಂದು. ನಡುವೆ, ೨೦೦೧ರಲ್ಲಿ, ಲೈಸೆನ್ಸನ್ನು ಸಡಿಲಿಸಿ, ಮಾರುವ ಯಂತ್ರದೊಳಗೆ ಮೂಲಪಾಠವನ್ನು ಮುಚ್ಚಿ ಸೇರಿಸಿಕೊಳ್ಳುವವರಿಗೂ ಅವಕಾಶ ಕೊಟ್ಟರು. ಮೂಲಪಾಠವು ಎಂದಿಗೂ ಮುಚ್ಚಿಹೋಗಬಾರದೆಂದು ಜೀವಮಾನವೆಲ್ಲ ವಾದಿಸಿದ ರಿಚರ್ಡ್ ಸ್ಟಾಲ್‌ಮನ್ ಈ ಒಂದು ಸಂದರ್ಭದಲ್ಲಿ ಸಡಿಲಿಕೆಯನ್ನು ಅನುಮೋದಿಸಿದುದು ಗಮನಾರ್ಹ. ತಂತ್ರಾಂಶದ ಸ್ವಾತಂತ್ರ್ಯಕ್ಕಿಂತ ಸಂಕೇತದ ಸ್ವಾತಂತ್ರ್ಯವು ಮೊದಲು ಉಳಿಯಬೇಕು, ಅದಕ್ಕೆ ಪ್ರಚಾರವೇ ರಕ್ಷೆ ಎಂಬ ಭಾವವಿಲ್ಲದಿದ್ದರೆ ಈ ಅಪವಾದವು ಹೊಂದುವುದಿಲ್ಲ. ಶುಲ್ಕದ ಉಳಿತಾಯವೊಂದೇ ಉದ್ದೇಶವೆಂಬ ಮತಕ್ಕೆ ಇದೇ ಬಲವಾದ ಬಾಧಕ.

ಚಿತ್ರದ ವಿಷಯದಲ್ಲಿ ಇಷ್ಟು ಸುಖವಾಗಿ ನಡೆಯಲಿಲ್ಲ. ಆನ್‌೨ ಎಂಬ ಕಂಪನಿಯು ತನ್ನ ವಿ.ಪಿ.೩ ಕ್ರಮವನ್ನು ೨೦೦೧ರಲ್ಲಿ ಲೋಕಕ್ಕೆ ಬಿಟ್ಟುಕೊಟ್ಟಿತು. ಅದರ ಮೇಲೆ ಜಿಫ್ ಸಂಸ್ಥೆಯು ಥಿಯೋರಾವನ್ನು ಕಟ್ಟಿತು. ೧.೦ ಆವೃತ್ತಿ ಸಿದ್ಧವಾಗುವ ಹೊತ್ತಿಗೆ ೨೦೦೮ರ ನವೆಂಬರ್, ಪ್ರತಿಸ್ಪರ್ಧಿಯಾದ ಎಚ್.೨೬೪ ಹುಟ್ಟಿ ಐದು ವರ್ಷಗಳಾಗಿದ್ದುವು. ಅಂತರ್ಜಾಲದ ಪುಟಗಳ ಎಚ್.ಟಿ.ಎಂ.ಎಲ್.೫ ಎಂಬ ಲಕ್ಷಣದಲ್ಲಿ ಥಿಯೋರಾವನ್ನು ಶಿಫಾರಸು ಮಾಡಿದ್ದ ವಾಕ್ಯವನ್ನು ೨೦೦೭ರ ಡಿಸೆಂಬರಿನಲ್ಲಿ ತೆಗೆದುಹಾಕಿದರು. ಗುಣದ ಕೊರತೆಯೊಂದೇ ಇದಕ್ಕೆ ಕಾರಣವಲ್ಲ. ತೆರೆದಿಟ್ಟ ಕ್ರಮದಲ್ಲಿಯೂ ಯಾರದೋ ಗುಪ್ತವಾದ ಹಕ್ಕು ಅಡಗಿರಬಹುದೆಂಬ ಶಂಕೆಯೇ ದೊಡ್ಡ ಕಂಪನಿಗಳನ್ನು ಹಿಂದೆಗೆಯಿಸಿತು. ಇಲ್ಲದಿರುವುದನ್ನು ಇಲ್ಲವೆಂದು ಸಾಧಿಸುವುದು ಎಷ್ಟು ಕಷ್ಟವೆಂಬುದು ನೈಯಾಯಿಕರಿಗೆ ಹೊಸದಲ್ಲ. ಆನ್‌೨ವನ್ನು ಕೊಂಡುಕೊಂಡ ಗೂಗಲ್ ಕಂಪನಿಯು ೨೦೧೦ರ ಮೇ ೧೯ರಂದು ವಿ.ಪಿ.೮ ಕ್ರಮವನ್ನು ವಾರ್ಬಿಸಿನೊಡನೆ ಜೋಡಿಸಿ ವೆಬ್‌ಎಂ ಎಂಬ ಹೆಸರಿನಿಂದ ತೆರೆದಿಟ್ಟಾಗಲೂ ಶಂಕೆ ತೊಲಗಲಿಲ್ಲ. ಹಕ್ಕುದಾರರೊಡನೆ ಒಪ್ಪಂದವಾದುದು ೨೦೧೩ರ ಮಾರ್ಚಿನಲ್ಲಿ.

ಈ ಅನುಭವದಿಂದ ದೊರೆತ ಪಾಠವು ಓಪಸಿನಲ್ಲಿ ಕಾಣಬರುವುದು. ಅಂತರ್ಜಾಲದ ಪ್ರಮಾಣಗಳನ್ನು ನಿರ್ಣಯಿಸುವ ಐ.ಇ.ಟಿ.ಎಫ್. ಸಭೆಯು ೨೦೧೦ರಲ್ಲಿ ಇದಕ್ಕಾಗಿ ಒಂದು ಮಂಡಲಿಯನ್ನು ರಚಿಸಿತು. ಮಾತಿಗೆ ಅನುಕೂಲವಾದ ಸ್ಕೈಪ್ ಕಂಪನಿಯ ಸಿಲ್ಕ್ ಎಂಬುದನ್ನೂ, ಸಂಗೀತಕ್ಕೆ ಅನುಕೂಲವಾದ ಜಿಫ್ ಸಂಸ್ಥೆಯ ಸೆಲ್ಟ್ ಎಂಬುದನ್ನೂ ಒಂದಾಗಿ ಹೆಣೆದರು. ಚರ್ಚೆಯೆಲ್ಲವೂ ಬಹಿರಂಗವಾಗಿ ನಡೆಯಿತು; ಹಕ್ಕುಳ್ಳವರು ಅದನ್ನು ಸಭೆಗೆ ತಿಳಿಸಬೇಕಾಗಿದ್ದಿತು; ಜಿಫ್, ಬ್ರಾಡ್‌ಕಾಂ, ಮೈಕ್ರೊಸಾಫ್ಟ್ ಇವರು ತಮ್ಮ ಪೇಟೆಂಟುಗಳನ್ನು ಶುಲ್ಕವಿಲ್ಲದೆ ಬಿಟ್ಟುಕೊಟ್ಟರು. ೨೦೧೨ರ ಸೆಪ್ಟೆಂಬರಿನಲ್ಲಿ ಆರ್.ಎಫ್.ಸಿ. ೬೭೧೬ ಎಂಬ ಲಕ್ಷಣಗ್ರಂಥವು ಪ್ರಕಟವಾಯಿತು. ಸಂಭಾಷಣೆಯಲ್ಲಿ ವಿಳಂಬವು ಸಹ್ಯವಲ್ಲವಾದುದರಿಂದ ವಾರ್ಬಿಸಿನ ಶಿರೋಭಾರವನ್ನು ಇಲ್ಲಿ ಕೈಬಿಟ್ಟು ಕೋಷ್ಟಕಗಳನ್ನು ಸ್ಥಿರಪಡಿಸಿರುವರು. ಇನ್ನೊಂದು ವೈಚಿತ್ರ್ಯ: ಗ್ರಂಥದ ಗದ್ಯಕ್ಕೂ ಅದರೊಡನೆ ಕೊಟ್ಟಿರುವ ಮೂಲಪಾಠಕ್ಕೂ ವಿರೋಧ ಬಂದರೆ ಮೂಲಪಾಠವೇ ಪ್ರಮಾಣ. ವಾಟ್ಸಾಪಿನಲ್ಲಿ ಕನ್ನಡಿಗರು ಹೊರನಾಡಿನ ಬಂಧುಗಳಿಗೆ ಕಳುಹುವ ಧ್ವನಿಸಂದೇಶಗಳೂ ಈ ಓಪಸಿನಲ್ಲಿಯೇ ಅಡಕವಾಗಿ ಹೋಗುವುವು.

ಎ.ವಿ.೧ ಇದೇ ಮಾರ್ಗದ ಮುಂದುವರಿಕೆ. ಎಚ್.೨೬೪ರ ಉತ್ತರಾಧಿಕಾರಿಯಾದ ಎಚ್.ಇ.ವಿ.ಸಿ.ಗೆ ಹಕ್ಕುದಾರರ ಕೂಟಗಳು ಒಂದಕ್ಕಿಂತ ಹೆಚ್ಚಾಗಿ ಶುಲ್ಕವನ್ನು ಕೇಳಲಾರಂಭಿಸಲು, ೨೦೧೫ರ ಸೆಪ್ಟೆಂಬರಿನಲ್ಲಿ ಗೂಗಲ್, ಮೊಜಿಲ್ಲಾ, ಸಿಸ್ಕೊ, ನೆಟ್‌ಫ್ಲಿಕ್ಸ್ ಮೊದಲಾದವರು ಒಕ್ಕೂಟ ಕಟ್ಟಿ, ೨೦೧೮ರ ಮಾರ್ಚಿನಲ್ಲಿ ಇದನ್ನು ಹೊರತಂದರು. ಮರುವರ್ಷವೇ ಬೇರೊಂದು ಕೂಟವು ಇದರ ಮೇಲೂ ಹಕ್ಕನ್ನು ಸಾರಿತು. ವಿವಾದವು ಮುಗಿಯಿತೆನ್ನುವಂತಿಲ್ಲ.

ಇಲ್ಲೊಂದು ಪೂರ್ವಪಕ್ಷ. ಎಂ.ಪಿ.೩ರ ಲೈಸೆನ್ಸ್ ವ್ಯವಸ್ಥೆಯನ್ನು ೨೦೧೭ರ ಏಪ್ರಿಲ್ ೨೩ರಂದು ಫ್ರೌನ್‌ಹೋಫರ್ ಸಂಸ್ಥೆಯೇ ಮುಗಿಸಿತು. ಪೇಟೆಂಟುಗಳ ಅವಧಿ ತೀರಿದ್ದಿತು. ಸುಮ್ಮನೆ ಕಾದಿದ್ದರೆ ತಾನಾಗಿ ದೊರೆಯುತ್ತಿದ್ದುದಕ್ಕೆ ಇಷ್ಟು ಶ್ರಮವೇಕೆ ಎಂದು ಕೆಲವರು ಕೇಳುವರು. ಕಾದವರಿಗೆ ದೊರೆಯುತ್ತಿದ್ದುದು ೧೯೯೩ರ ವಿದ್ಯೆ. ಅಷ್ಟರಲ್ಲಿ ಓಪಸಿಗೆ ಐದು ವರ್ಷ ತುಂಬುತ್ತಿದ್ದಿತು. ಅದರ ಕರ್ತೃಗಳಾದ ಜಾನ್-ಮಾರ್ಕ್ ವಾಲಿನ್ ಮತ್ತು ತಿಮೊತಿ ಟೆರಿಬೆರಿ ಪಳಗಿದುದು ಮಾತಿನ ಕೋಡೆಕ್ ಆದ ಸ್ಪೀಕ್ಸ್, ಥಿಯೋರಾ ಎಂಬ ಈ ಬಡ ಗರಡಿಗಳಲ್ಲಿಯೇ. ಏನನ್ನೂ ಬಿಡದೆ ಸಂಕ್ಷೇಪಿಸುವ ಫ್ಲ್ಯಾಕ್ ಕ್ರಮವನ್ನು ಜಾಷ್ ಕೋಲ್ಸನ್ ೨೦೦೧ರಲ್ಲಿ ಪ್ರಕಟಿಸಿದನು; ೨೦೦೩ರಲ್ಲಿ ಅದು ಜಿಫ್ ಸಂಸ್ಥೆಯ ಆಶ್ರಯಕ್ಕೆ ಬಂದಿತು. ಲಕ್ಷ್ಯವು ಮುಂದಾಗಿ ಲಕ್ಷಣವು ಹಿಂದೆ ಬರುವ ನ್ಯಾಯದಂತೆ, ಅದಕ್ಕೆ ಐ.ಇ.ಟಿ.ಎಫ್. ಸಭೆಯು ಆರ್.ಎಫ್.ಸಿ. ೯೬೩೯ ಎಂಬ ಲಕ್ಷಣಗ್ರಂಥವನ್ನು ಹೊರಡಿಸಿದುದು ೨೦೨೪ರ ಡಿಸೆಂಬರಿನಲ್ಲಿ.