ಏರ್ ಶೋದಲ್ಲಿ ಯಾರೂ ರೀಲ್ಸ್ ಮಾಡದ ಕೋಣೆ

ಭಾಗ 1

ಮಲವಗೊಪ್ಪದಲ್ಲಿ ಮನೆ ಇರೋರಿಗೆ ವಿಮಾನ ಈಗ ಹೊಸದೇನಲ್ಲ. 2023ರ ಆಗಸ್ಟ್ 31ಕ್ಕೆ ಬೆಂಗಳೂರಿಂದ ಮೊದಲ ಇಂಡಿಗೋ ವಿಮಾನ ಸೋಗಾನೆಗೆ ಬಂದಾಗ, ಕಾಣುತ್ತೇನೋ ಅಂತ ನಾವೆಲ್ಲ ಟೆರೇಸ್ ಹತ್ತಿದ್ವಿ. ಈಗ ಸದ್ದು ಕೇಳಿದ್ರೂ ಅಜ್ಜಿ ಒಬ್ಬರೇ ಅಂಗಳಕ್ಕೆ ಬಂದು ನೋಡೋದು.

2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾಗೆ ಹೋಗಿದ್ದೆ, ನಿಮಗೆ ನೆನಪಿರಬಹುದು. ಸಾರ್ವಜನಿಕರಿಗೆ ಬಿಡೋ ದಿನ. ಆ ಫೋಟೋ ಹಾಕಿದಾಗ ನೀವೆಲ್ಲ ಕೇಳಿದ್ದು ಒಂದೇ: "ಸುಖೋಯ್ ವಿಡಿಯೋ ಇದ್ಯಾ?" ಇದೆ ಮಾರಾಯ, ಹಾಕ್ತೀನಿ. ಆದರೆ ನನ್ನ ತಲೆಯಲ್ಲಿ ಉಳಿದದ್ದು ಊಟದ ಕ್ಯೂ. ಮುಂದೆ ನಿಂತಿದ್ದವರು ಏರ್‌ಫೋರ್ಸಿಂದ ನಿವೃತ್ತರಾದ ಒಬ್ಬ ಮೆಕ್ಯಾನಿಕ್. ಎಲ್ಲರೂ ಆಕಾಶ ನೋಡ್ತಿದ್ರೆ ಅವರು ತಲೆನೇ ಎತ್ತಲಿಲ್ಲ. ಯಾಕೆ ಸರ್ ಅಂದೆ. ನಮಗೆ ಇದು ದಿನಾ ಇದ್ದಿದ್ದೇ, ನಾವು ಇಂಥ ಕಡೆ ಹುಡುಕೋದು ಸೆಮಿನಾರ್ ಹಾಲ್ ಎಲ್ಲಿದೆ ಅಂತ, ಅಂದ್ರು. ಆಮೇಲೆ ಬೋಲ್ಟಿನದೊಂದು ಕಥೆ ಹೇಳಿದ್ರು. ಊಟ ಸಿಗೋ ಹೊತ್ತಿಗೆ ನನಗೆ ಹಸಿವೇ ಹೋಗಿತ್ತು. ಯಾಕೆ ಅಂತ ಕೊನೆಯ ಭಾಗಗಳಲ್ಲಿ ಹೇಳ್ತೀನಿ.

ಈ ಸರಣಿ ಆ ಹಾಲ್ ಬಗ್ಗೆ. ಪೈಲಟ್‌ಗಳು, ಮೆಕ್ಯಾನಿಕ್‌ಗಳು ಒಂದು ಕಡೆ ಸೇರಿ ಪಾಠ ಕೇಳೋ ಪದ್ಧತಿ ನಮ್ಮ ರಾಜ್ಯಕ್ಕೆ ಹೇಗೆ ಬಂತು, ಅಲ್ಲಿ ಏನು ಕಲಿಸ್ತಾರೆ. ಬಿಕಾಂ ಓದೋನಿಗೆ ಇದೆಲ್ಲ ಯಾಕೆ ಅಂತ ಕೇಳಬೇಡಿ, ಅದಕ್ಕೂ ಉತ್ತರ ಇದೆ.

ಭಾಗ 2

ಬೆಂಗಳೂರು ವಿಮಾನದ ಊರು ಆಗಿದ್ದು ಹೇಗೆ ಅಂದ್ರೆ ಎಲ್ಲರೂ ವಾಲ್‌ಚಂದ್ ಹೀರಾಚಂದ್ ಹೆಸರು ಹೇಳ್ತಾರೆ. ಸರಿಯೇ. 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರುವಾಯ್ತು. ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲ. ಮೈಸೂರು ಸರ್ಕಾರ ಜಾಗ ಕೊಟ್ಟು, ದುಡ್ಡು ಹಾಕಿ ಪಾಲುದಾರ ಆಯ್ತು. ವಿಲಿಯಂ ಪಾಲಿ ಅನ್ನೋ ಅಮೆರಿಕನ್ ಉದ್ಯಮಿ ಯಂತ್ರಗಳನ್ನೂ ಎಂಜಿನಿಯರ್‌ಗಳನ್ನೂ ತಂದ. 1941ರ ಆಗಸ್ಟ್‌ನಲ್ಲಿ, ಅಂದ್ರೆ ಒಂದು ವರ್ಷವೂ ತುಂಬದೆ, ಇಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಹಾರಿತು.

ಈಗ ಒಂದು ನಿಮಿಷ ಯೋಚನೆ ಮಾಡಿ. ಜಾಗ ಇದೆ, ದುಡ್ಡು ಇದೆ, ಯಂತ್ರ ಇದೆ. ವಿಮಾನ ಮುಟ್ಟಿ ಗೊತ್ತಿರೋ ಜನ ಎಲ್ಲಿದ್ದಾರೆ? ಆಗ ಮೈಸೂರು ಸಂಸ್ಥಾನದಲ್ಲಿ ಯಂತ್ರ ಗೊತ್ತಿದ್ದವರು ಕೋಲಾರದ ಗಣಿ, ರೈಲ್ವೆ, ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಇಂಥ ಕಡೆ ಇದ್ರು. ವಿಮಾನ ಬೇರೆ ಜಾತಿ. ಅದಕ್ಕೇ 1942ರ ಡಿಸೆಂಬರ್‌ನಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಜನ ಕರೆಯೋ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಏರೋನಾಟಿಕಲ್ ಎಂಜಿನಿಯರಿಂಗ್ ವಿಭಾಗ ತೆರೆದ್ರು. ಅದನ್ನ ಕಟ್ಟಿದವರು ವಿ. ಎಂ. ಘಾಟಗೆ. ಜರ್ಮನಿಯ ಗಾಟಿಂಗನ್‌ನಲ್ಲಿ ಪ್ರಾಂಟ್ಲ್ ಹತ್ತಿರ ಓದಿ ಬಂದವರು. ಮುಂದೆ ಎಚ್‌ಎಎಲ್‌ಗೆ ಹೋಗಿ ಎಚ್‌ಟಿ-2 ಅನ್ನೋ ತರಬೇತಿ ವಿಮಾನ ವಿನ್ಯಾಸ ಮಾಡಿದ್ರು. 1951ರ ಆಗಸ್ಟ್‌ನಲ್ಲಿ ಅದು ಹಾರಿತು, ಆಮೇಲೆ ದಶಕಗಟ್ಟಲೆ ನಮ್ಮ ಪೈಲಟ್‌ಗಳು ಅದರಲ್ಲೇ ಹಾರೋದು ಕಲಿತರು. ಪಾಠ ಹೇಳೋಕೆ ಬಂದವರು ಕೊನೆಗೆ ಪಾಠ ಹೇಳೋ ವಿಮಾನವನ್ನೇ ಮಾಡಿದ್ರು ಅನ್ನಿ.

ಅದೇ ಹೊತ್ತಲ್ಲಿ ಇನ್ನೂ ಎರಡು ಮೂರು ಆಯ್ತು. ಜಕ್ಕೂರಿನಲ್ಲಿ ಸರ್ಕಾರಿ ಹಾರಾಟ ತರಬೇತಿ ಶಾಲೆ. 1949ರಲ್ಲಿ ಜಾಲಹಳ್ಳಿಯಲ್ಲಿ ವಾಯುಪಡೆಯ ಟೆಕ್ನಿಕಲ್ ಕಾಲೇಜು. 1948ರಲ್ಲಿ ಏರೋನಾಟಿಕಲ್ ಸೊಸೈಟಿ ಆಫ್ ಇಂಡಿಯಾ. ಈ ಸೊಸೈಟಿ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಅವರು ಒಂದು ಪರೀಕ್ಷೆ ನಡೆಸ್ತಿದ್ರು. ಹಗಲು ಹ್ಯಾಂಗರ್‌ನಲ್ಲಿ ಸ್ಪ್ಯಾನರ್ ಹಿಡಿದವನು ರಾತ್ರಿ ಓದಿ, ಆ ಪರೀಕ್ಷೆ ಪಾಸ್ ಮಾಡಿ ಎಂಜಿನಿಯರ್ ಆಗಬಹುದಿತ್ತು. ಕಾಲೇಜಿಗೆ ಕಾಲಿಡೋ ಅನುಕೂಲ ಇಲ್ಲದವರಿಗೆ ಅದು ಎಷ್ಟು ದೊಡ್ಡ ಬಾಗಿಲು ನೋಡಿ. ಉಪನ್ಯಾಸ, ಸೆಮಿನಾರ್ ಅನ್ನೋ ಪದ್ಧತಿ ನಮ್ಮಲ್ಲಿ ಬೆಳೆದದ್ದು ಇಂಥ ಕಡೆಯಿಂದ.

ಭಾಗ 3

ಏರೋ ಇಂಡಿಯಾ ಶುರುವಾಗಿದ್ದು 1996ರಲ್ಲಿ, ಯಲಹಂಕ ವಾಯುನೆಲೆಯಲ್ಲಿ. ಸುಮಾರು ಎರಡು ವರ್ಷಕ್ಕೊಮ್ಮೆ ನಡೆಯುತ್ತೆ. ಶೋಗೆ ಸ್ವಲ್ಪ ಮುಂಚೆ ಬೆಂಗಳೂರಲ್ಲೇ ಡಿಆರ್‌ಡಿಓ ಮತ್ತು ಅದೇ ಹಳೆಯ ಏರೋನಾಟಿಕಲ್ ಸೊಸೈಟಿ ಸೇರಿ ಅಂತರರಾಷ್ಟ್ರೀಯ ಸೆಮಿನಾರ್ ಮಾಡ್ತಾರೆ. ಟಿವಿಯಲ್ಲಿ ಬರಲ್ಲ. ಎಸಿ ಹಾಲ್, ಸ್ಲೈಡ್, ಟೀ ಬ್ರೇಕ್. ಇದನ್ನ ಯಾರು ರೀಲ್ಸ್ ಮಾಡ್ತಾರೆ ಹೇಳಿ.

ಒಪ್ಪಿಕೊಳ್ಳೋಣ, ಏರೋ ಇಂಡಿಯಾ ಮುಖ್ಯವಾಗಿ ವ್ಯಾಪಾರದ ಸಂತೆ. ಅಲ್ಲಿನ ಸೆಮಿನಾರ್‌ಗಳಲ್ಲೂ ವಿಜ್ಞಾನಿಗಳು, ಕಂಪನಿಯವರು, ಅಧಿಕಾರಿಗಳೇ ಜಾಸ್ತಿ. ಅಮೆರಿಕದಲ್ಲಿ ಇನ್ನೊಂದು ಥರ ಇದೆ. ಸಣ್ಣ ಸಣ್ಣ ಊರಿನ ವಿಮಾನ ಜಾತ್ರೆಗಳಲ್ಲೇ ಮಾಮೂಲಿ ಪೈಲಟ್‌ಗಳಿಗೆ, ಮೆಕ್ಯಾನಿಕ್‌ಗಳಿಗೆ ಕ್ಲಾಸ್. ಇನ್‌ಸ್ಪೆಕ್ಷನ್ ಅಧಿಕಾರ ಇರೋ ಮೆಕ್ಯಾನಿಕ್ ಅದನ್ನ ಉಳಿಸಿಕೊಳ್ಳೋಕೆ ಇರೋ ದಾರಿಗಳಲ್ಲಿ ಒಂದು, ವರ್ಷಕ್ಕೆ 8 ಗಂಟೆ ತರಬೇತಿ ಪಡೆಯೋದು. ಎಷ್ಟೋ ಜನ ಅದನ್ನ ಜಾತ್ರೆಗೆ ಬಂದಾಗಲೇ ಮುಗಿಸ್ತಾರೆ. ಒಂದು ಕೈಯಲ್ಲಿ ಬರ್ಗರ್, ಇನ್ನೊಂದು ಕೈಯಲ್ಲಿ ನೋಟ್ಸ್. ನಮ್ಮಲ್ಲಿ ಪೈಲಟ್‌ಗೂ ಮೆಕ್ಯಾನಿಕ್‌ಗೂ ಮತ್ತೆ ಮತ್ತೆ ತರಬೇತಿ ಕಡ್ಡಾಯ ಇದೆ, ಆದರೆ ಅದು ಕಂಪನಿಯ ಬಾಗಿಲ ಒಳಗೆ. ಊರ ಹುಡುಗರು ಹಿಂದಿನ ಬೆಂಚಲ್ಲಿ ಕೂತು ಕೇಳೋ ಥರ ಇಲ್ಲ. ಈ ವಿಷಯದಲ್ಲಿ ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ಭಾಗ 4

ಅಷ್ಟು ಸಲ ಕೂರಿಸಿ ಏನು ಹೇಳ್ತಾರೆ? ಹೆಚ್ಚಾಗಿ, ಯಾರೋ ಮಾಡಿದ ತಪ್ಪು.

ಬೆಂಗಳೂರಿನದ್ದೇ ಒಂದು ಹೇಳ್ತೀನಿ. 1990ರ ಫೆಬ್ರವರಿ 14. ಬಾಂಬೆಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320. ಹೊಚ್ಚ ಹೊಸ ವಿಮಾನ, ಕಂಪ್ಯೂಟರ್ ನಡೆಸೋ ಹೊಸ ಪೀಳಿಗೆ. ಮಧ್ಯಾಹ್ನ, ಹವಾಮಾನದ ತೊಂದರೆ ಇಲ್ಲ. ಎಚ್‌ಎಎಲ್ ನಿಲ್ದಾಣದ ರನ್‌ವೇ ಮುಟ್ಟೋಕೆ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿಯಿತು. ಒಳಗಿದ್ದವರು 146 ಜನ. 92 ಜನ ಸತ್ತರು.

ವಿಮಾನ ಕೆಟ್ಟಿರಲಿಲ್ಲ. ಇಳಿಯುವಾಗ ಅದು ಇದ್ದ ಮೋಡ್‌ನಲ್ಲಿ ಎಂಜಿನ್‌ಗಳು ಐಡಲ್‌ನಲ್ಲೇ ಇರುತ್ತವೆ. ನಮ್ಮ ಬೈಕ್ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟ ಹಾಗೆ. ಇಳಿಜಾರು ಇರೋತನಕ ಪರವಾಗಿಲ್ಲ. ಎತ್ತರ ಕಾಯ್ದುಕೊಳ್ಳೋಕೆ ಮೂತಿ ಎತ್ತಿದಾಗ ವೇಗ ಇಳೀತಾ ಹೋಯ್ತು. ವೇಗವನ್ನ ಕಂಪ್ಯೂಟರ್ ನೋಡ್ಕೊಳ್ಳುತ್ತೆ ಅನ್ನೋ ನಂಬಿಕೆ. ಗೊತ್ತಾಗಿ ಪವರ್ ಕೊಟ್ಟಾಗ ಜೆಟ್ ಎಂಜಿನ್ ಪೂರ್ತಿ ಶಕ್ತಿಗೆ ಬರೋಕೆ ಬೇಕಾದ ಕೆಲವು ಸೆಕೆಂಡ್ ಅವರ ಹತ್ತಿರ ಇರಲಿಲ್ಲ.

ಆಮೇಲೆ ಸರ್ಕಾರ ಎ320ಗಳನ್ನೆಲ್ಲ ನೆಲಕ್ಕೆ ಕೂರಿಸಿತು. ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರು ವಿಚಾರಣೆ ನಡೆಸಿದ್ರು. ಹೊಸ ಯಂತ್ರ ತಂದಷ್ಟು ಬೇಗ ಅದರ ಪಾಠ ತಲೆಗೆ ಹೋಗಲ್ಲ ಅನ್ನೋದು ಆ 92 ಜನರ ಲೆಕ್ಕದಲ್ಲಿ ಗೊತ್ತಾಯ್ತು. ಮೋಡ್‌ಗಳ ಗೊಂದಲದ ಬಗ್ಗೆ ಮಾತಾಡುವಾಗ ಪೈಲಟ್‌ಗಳಿಗೆ ಈಗಲೂ ಹೇಳೋ ಉದಾಹರಣೆಗಳಲ್ಲಿ 'ಬ್ಯಾಂಗಲೋರ್' ಒಂದು. ನಮಗೆ ಅದು ಊರಿನ ಹೆಸರು. ಅವರಿಗೆ ಒಂದು ಪಾಠದ ಹೆಸರು.

ಭಾಗ 5

ಚಿಕ್ಕ ಭಾಗ ಇದು, ಆದರೆ ಬಿಡಬೇಡಿ.

1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ಮಂಜು ಮುಸುಕಿದ ರನ್‌ವೇ ಮೇಲೆ ಎರಡು ಜಂಬೋ ಜೆಟ್ ಡಿಕ್ಕಿ ಆಗಿ 583 ಜನ ಸತ್ತರು. ಒಂದು ವಿಮಾನದ ಫ್ಲೈಟ್ ಎಂಜಿನಿಯರ್‌ಗೆ, ಎದುರಿನ ವಿಮಾನ ರನ್‌ವೇ ಬಿಟ್ಟಿಲ್ಲವೇನೋ ಅಂತ ಅನುಮಾನ ಬಂದಿತ್ತು. ಕೇಳಿದ. ಕ್ಯಾಪ್ಟನ್ ತುಂಬಾ ಸೀನಿಯರ್. ಬಿಟ್ಟಿದೆ ಅಂದುಬಿಟ್ಟ. ಅವನು ಮತ್ತೆ ಕೇಳಲಿಲ್ಲ.

ನಮ್ಮ ಕ್ಲಾಸಲ್ಲಿ ಲೆಕ್ಚರರ್ ಬೋರ್ಡ್ ಮೇಲೆ ತಪ್ಪು ಬರೆದ್ರೆ ನಾವು ಏನು ಮಾಡ್ತೀವಿ? ಕಾಪಿ ಮಾಡ್ಕೋತೀವಿ.

1979ರಲ್ಲಿ ನಾಸಾ ಇದೇ ವಿಷಯಕ್ಕೆ ಒಂದು ಕಾರ್ಯಾಗಾರ ನಡೆಸಿತು. ಪೈಲಟ್‌ಗಳು ಕೆಡವುವ ವಿಮಾನಗಳಲ್ಲಿ ಎಷ್ಟೋ ಸಲ ಕೊರತೆ ಇರೋದು ಹಾರಿಸೋ ಕೌಶಲದಲ್ಲಲ್ಲ, ಕಾಕ್‌ಪಿಟ್ ಒಳಗಿನ ಮಾತಿನಲ್ಲಿ. ಅಲ್ಲಿಂದ ಹುಟ್ಟಿದ್ದನ್ನ ಈಗ ಸಿಆರ್‌ಎಂ ಅಂತಾರೆ. ಜೂನಿಯರ್ ಬಾಯಿ ಬಿಡೋದು, ಸೀನಿಯರ್ ಕಿವಿ ಕೊಡೋದು, ಎರಡನ್ನೂ ಅಭ್ಯಾಸ ಮಾಡಿಸೋ ತರಬೇತಿ. 1989ರಲ್ಲಿ ಅಮೆರಿಕದ ಸೂ ಸಿಟಿಯಲ್ಲಿ ಹೈಡ್ರಾಲಿಕ್ ಪೂರ್ತಿ ಹೋದ ವಿಮಾನವನ್ನ ನಾಲ್ಕು ಜನ ಸೇರಿ ಇಳಿಸಿದ್ರು. 296 ಜನರಲ್ಲಿ 184 ಜನ ಬದುಕಿದ್ರು. ಕ್ಯಾಪ್ಟನ್ ಆಲ್ ಹೇನ್ಸ್ ಆಮೇಲೆ ವರ್ಷಗಟ್ಟಲೆ ಊರೂರು ಸುತ್ತಿ ಆ ದಿನದ ಬಗ್ಗೆ ಸೆಮಿನಾರ್‌ಗಳಲ್ಲಿ ಮಾತಾಡಿದ್ರು. ಶ್ರೇಯ ತನ್ನ ಮೇಲೆ ಹಾಕ್ಕೊಳ್ಳಲಿಲ್ಲ, ಆ ತರಬೇತಿಗೆ ಕೊಟ್ರು.

ಭಾಗ 6

ಈಗ ಕ್ಯೂನಲ್ಲಿ ಕೇಳಿದ ಬೋಲ್ಟಿನ ಕಥೆ. ಮನೆಗೆ ಬಂದು ಹುಡುಕಿ ಓದಿದೆ, ನಿಜ.

1990ರ ಜೂನ್ 10, ಇಂಗ್ಲೆಂಡ್. ಬ್ರಿಟಿಷ್ ಏರ್‌ವೇಸ್ ವಿಮಾನ ಬರ್ಮಿಂಗ್‌ಹ್ಯಾಮ್ ಬಿಟ್ಟು 17,000 ಅಡಿ ದಾಟಿದಾಗ ಕ್ಯಾಪ್ಟನ್ ಮುಂದಿನ ಗಾಜು ಕಿತ್ತು ಹಾರಿಹೋಯ್ತು. ಗಾಳಿಯ ಸೆಳೆತಕ್ಕೆ ಅವರ ಅರ್ಧ ಮೈ ಹೊರಗೆ. ಸಿಬ್ಬಂದಿ ಕಾಲು ಹಿಡ್ಕೊಂಡು ನಿಂತ್ರು. ಸಹ ಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದ್ರು. ಕ್ಯಾಪ್ಟನ್ ಬದುಕಿದ್ರು, ಮತ್ತೆ ಹಾರಿದ್ರು ಕೂಡ.

ಹಾರಾಟಕ್ಕೆ ಹೆಚ್ಚುಕಡಿಮೆ ಒಂದು ದಿನ ಮುಂಚೆ, ರಾತ್ರಿ ಪಾಳಿಯಲ್ಲಿ ಆ ಗಾಜು ಬದಲಾಯಿಸಿದ್ರು. 90 ಬೋಲ್ಟ್. ಕೆಲಸ ಮಾಡಿದವರು ಅನುಭವಿ, ಆ ಪಾಳಿಯ ಮ್ಯಾನೇಜರ್. ಹಳೆಯ ಬೋಲ್ಟ್ ಹಿಡಿದು ಕಣ್ಣಳತೆಯಲ್ಲೇ ಹೋಲಿಸಿ ಹೊಸದು ತಂದ್ರು. 84 ಬೋಲ್ಟ್‌ಗಳ ದಪ್ಪ ಕೂದಲೆಳೆಯಷ್ಟು ಕಮ್ಮಿ ಇತ್ತು. ಉಳಿದ 6ರ ಉದ್ದ ಕಮ್ಮಿ. ಎಲ್ಲವೂ ಕೂತವು. ಬಿಗಿ ಅನ್ನಿಸಿತು. ಸೋಮಾರಿ ಅಲ್ಲ ಆ ಮನುಷ್ಯ, ಕೆಲಸ ಬೇಗ ಮುಗಿಸಬೇಕು ಅಂತಿದ್ದವನು. ಅದೇ ಭಯ ಹುಟ್ಟಿಸೋದು.

ಅಕೌಂಟೆನ್ಸಿ ಓದೋರಿಗೆ ಇದು ಗೊತ್ತು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆದ್ರೂ ಒಳಗೆ ತಪ್ಪು ಇರಬಹುದು. ಒಂದು ಎಂಟ್ರಿನೇ ಬಿಟ್ಟುಹೋಗಿದ್ರೆ ಎರಡೂ ಕಡೆ ಸಮ ಬರುತ್ತೆ, ನಾವು ಕಾಲರ್ ಮೇಲೆತ್ತಿ ಓಡಾಡ್ತೀವಿ.

ಕೆನಡಾದ ಗಾರ್ಡನ್ ಡುಪಾಂಟ್ 1993ರ ಹೊತ್ತಿಗೆ ಮೆಕ್ಯಾನಿಕ್‌ಗಳನ್ನ ಎಡವಿಸೋ ಹನ್ನೆರಡು ಕಾರಣ ಪಟ್ಟಿ ಮಾಡಿದ್ರು: ಸುಸ್ತು, ಒತ್ತಡ, ಗಮನ ತಪ್ಪೋದು, 'ಎಲ್ಲರೂ ಹೀಗೇ ಮಾಡೋದು' ಅನ್ನೋದು, ಗೊತ್ತಿದ್ರೂ ಬಾಯಿ ಬಿಡದಿರೋದು, ಹೀಗೆ. 'ಡರ್ಟಿ ಡಜನ್' ಅಂತ ಹೆಸರು. ಪ್ರಪಂಚದ ಎಷ್ಟೋ ಹ್ಯಾಂಗರ್‌ಗಳ ಗೋಡೆ ಮೇಲೆ ಇದೆ.

ಭಾಗ 7

ನನ್ನ ಹಸಿವು ಹೋಗಿದ್ದು ಯಾಕೆ ಅಂದ್ರೆ ನನ್ನದೂ ಒಂದು ಬೋಲ್ಟ್ ಇದೆ.

ಸೆಕೆಂಡ್ ಪಿಯು ರಜೆಯಲ್ಲಿ ಒಂದು ಟೂ ವೀಲರ್ ಗ್ಯಾರೇಜಿಗೆ ಹೋಗ್ತಿದ್ದೆ. ಒಂದು ಸ್ಕೂಟರ್‌ನ ಹಿಂದಿನ ಬ್ರೇಕಿನ ಬೋಲ್ಟ್ ಕಳೆದುಹೋಯ್ತು. ಡಬ್ಬದಲ್ಲಿ ಅದೇ ಥರದ್ದು ಸಿಕ್ತು, ಹಾಕಿದೆ, ಕೂತಿತು. ಎರಡು ದಿನ ಬಿಟ್ಟು ಆ ಗಾಡಿಯವರು ತಳ್ಳಿಕೊಂಡು ಬಂದ್ರು. ಇಳಿಜಾರಲ್ಲಿ ಬ್ರೇಕ್ ಹಿಡಿಯದೆ ಬೇಲಿಗೆ ಒರಗಿಸಿ ನಿಲ್ಲಿಸಿದ್ರಂತೆ. ಹಿಂದೆ ಅವರ ಮಗಳು ಕೂತಿದ್ಳು. ಯಾರಿಗೂ ಏನೂ ಆಗಲಿಲ್ಲ. ಯಾರು ಹಾಕಿದ್ದು ಅಂತ ಓನರ್ ಕೇಳಿದಾಗ ನಾನು ಸುಮ್ಮನಿದ್ದೆ. ಇನ್ನೊಬ್ಬ ಹುಡುಗ ಬೈಸಿಕೊಂಡ.

ವಿಮಾನ ರಿಪೇರಿ ಮುಗಿದ ಮೇಲೆ ಲೈಸೆನ್ಸ್ ಇರೋ ಮೆಕ್ಯಾನಿಕ್, ಅಂದ್ರೆ ಎಎಂಇ, ತನ್ನ ಹೆಸರಲ್ಲಿ ಸಹಿ ಹಾಕದೆ ಅದು ಹಾರೋ ಹಾಗಿಲ್ಲ. ಆಡಿಟರ್ ಸಹಿ ಇದ್ದ ಹಾಗೆ, ಆದರೆ ಇಲ್ಲಿ ಸಹಿಯ ಮೇಲೆ ಜನ ಕೂತಿರ್ತಾರೆ. ಪಿಯುನಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರೋ ಜೂನಿಯರ್ಸ್, ಈ ದಾರಿ ನೋಡಿ. ಸೋಗಾನೆಯಲ್ಲಿ ರನ್‌ವೇ 3.2 ಕಿ.ಮೀ. ಇದೆ, ನಮ್ಮವರು ಅಲ್ಲಿ ಬರೀ ಟ್ಯಾಕ್ಸಿ ಓಡಿಸೋಕೆ ಇರಬಾರದು. ಪಕ್ಕದಲ್ಲೇ ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಬ್ಬಿಣ ಕೊರೆದು ಬದುಕೋರ ಮಕ್ಕಳೇ ನಾವು ಅರ್ಧ ಜನ. ಆ ನಿಲ್ದಾಣದ ಒಂದು ಕೋಣೆಯಲ್ಲಿ ವರ್ಷಕ್ಕೆ ಒಂದು ದಿನ, ಪೈಲಟ್ ಒಬ್ಬರು, ಮೆಕ್ಯಾನಿಕ್ ಒಬ್ಬರು ಬಂದು ಮಾತಾಡಿದ್ರೆ ಹಿಂದಿನ ಬೆಂಚ್ ತುಂಬಿಸೋ ಜವಾಬ್ದಾರಿ ನನ್ನದು.

ಹೋದ ಭಾನುವಾರ ಗ್ಯಾರೇಜಿಗೆ ಹೋಗಿ ಹೇಳಿದೆ. ಓನರ್ ಬೈತಾರೆ ಅಂದ್ಕೊಂಡಿದ್ದೆ. ಯಾವ ಡಬ್ಬದಿಂದ ತಗೊಂಡೆ ಅಂತ ಕೇಳಿದ್ರು. ತೋರಿಸಿದೆ. ಡಬ್ಬ ನೆಲಕ್ಕೆ ಸುರಿದು ಒಂದೇ ಥರ ಕಾಣೋ ಎರಡು ಬೋಲ್ಟ್ ಆರಿಸಿ ನನ್ನ ಅಂಗೈಲಿ ಇಟ್ರು. ಆಮೇಲೆ ಹೊಸದಾಗಿ ಸೇರಿದ ಹುಡುಗನ್ನ ಕರೆದು, "ಬಾ ಇಲ್ಲಿ, ಇವನು ಏನೋ ಹೇಳ್ತಾನೆ, ಕೇಳು" ಅಂದ್ರು.