ಸಾಕ್ಷಿಯ ಬೆನ್ನಿಗೆ ಯಾರು?

ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡಿನಿಂದ ಆಳಿದ ಗಂಗರ ತಾಮ್ರಶಾಸನಗಳಲ್ಲಿ ದಾನಕ್ಕೆ ಸಾಕ್ಷಿ ಯಾರೆಂದು ಬರೆಯುವ ರೂಢಿಯಿತ್ತು. ಕೆಲವು ಶಾಸನಗಳು ತೊಂಬತ್ತಾರು ಸಾವಿರ ನಾಡಿನ ಪ್ರಜೆಗಳನ್ನೇ ಸಾಕ್ಷಿಯಾಗಿ ಹೆಸರಿಸುತ್ತವೆ. ನಾಡಿಗೆ ನಾಡೇ ಸಾಕ್ಷಿಯಾದರೆ ಹೆದರಿಸಿ ಬಾಯಿ ಮುಚ್ಚಿಸಲು ಒಬ್ಬಂಟಿ ಸಿಗುವುದಿಲ್ಲ. ಇಂದಿನ ಕಟಕಟೆಯಲ್ಲಿ ನಿಲ್ಲುವವನಾದರೋ ಒಬ್ಬನೇ. ನುಡಿದು ಮುಗಿಸಿ ಸಂಜೆಗೆ ಅವನು ಮರಳಬೇಕಾದದ್ದು ಆರೋಪಿಗಳ ಬಂಧುಬಳಗವೂ ಇರುವ ಊರಿಗೆ. 1860ರ ಭಾರತೀಯ ದಂಡ ಸಂಹಿತೆ ಸುಳ್ಳು ಸಾಕ್ಷಿಗೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಿತು. ಸುಳ್ಳು ಹೇಳೆಂದು ಬೆದರಿಸುವುದು 195ಎ ಕಲಮಿನಡಿ ಪ್ರತ್ಯೇಕ ಅಪರಾಧವಾದದ್ದು 2006ರಲ್ಲಿ. ಸಾಮಾನ್ಯ ಬೆದರಿಕೆ, ಕುಮ್ಮಕ್ಕುಗಳಿಗೆ ಕಲಮುಗಳು ಮೊದಲೇ ಇದ್ದವಲ್ಲ ಎನ್ನಬಹುದು. ಇದ್ದವು ನಿಜ, ಆದರೆ ಇಂಥ ಬೆದರಿಕೆಯಿಂದ ಒಬ್ಬನ ನೆಮ್ಮದಿಯಷ್ಟೇ ಅಲ್ಲ, ನ್ಯಾಯವೇ ಕೆಡುತ್ತದೆ ಎಂಬುದನ್ನು ಅವು ಎಣಿಸಿರಲಿಲ್ಲ.

ಅದೇ 2006ರ ಡಿಸೆಂಬರಿನಲ್ಲಿ ಕಂಬಾಲಪಲ್ಲಿ ಪ್ರಕರಣದ ತೀರ್ಪು ಬಂತು. ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸಜೀವವಾಗಿ ಸುಡಲಾಗಿತ್ತು. ಕಣ್ಣಾರೆ ಕಂಡವರೆಂದು ಪೊಲೀಸರು ಹೆಸರಿಸಿದ್ದ ಸಾಕ್ಷಿಗಳು ತಿರುಗಿಬಿದ್ದರು. ಕೋಲಾರದ ನ್ಯಾಯಾಲಯ ಆರೋಪಿಗಳೆಲ್ಲರನ್ನೂ ಖುಲಾಸೆ ಮಾಡಿತು. 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಪುರಾವೆಯಿಲ್ಲದೆ ಶಿಕ್ಷೆ ಕೊಡಲು ಯಾವ ನ್ಯಾಯಾಧೀಶರಿಗೂ ಬರುವುದಿಲ್ಲ, ಖುಲಾಸೆಯಾದವರನ್ನು ಅಪರಾಧಿಗಳೆನ್ನಲು ನಮಗೂ ಬರುವುದಿಲ್ಲ. ಆದರೂ ಏಳು ಜೀವಗಳು ಬೆಂದುಹೋದದ್ದಕ್ಕೆ ಯಾರೂ ಹೊಣೆಯಾಗಲಿಲ್ಲ. ಆರು ವರ್ಷ ಸಾಕ್ಷಿಗಳ ಬೆನ್ನಿಗೆ ಯಾರಿದ್ದರು ಎಂದು ಕೇಳದೆ ಅವರನ್ನಷ್ಟೇ ದೂರುವುದು ಅನ್ಯಾಯ.

ಪೊಲೀಸರು ಬರೆದುಕೊಂಡ ಹೇಳಿಕೆಯೇ ಸುಳ್ಳಿರಬಾರದೇಕೆ, ತಿರುಗಿಬಿದ್ದವನೇ ನಿಜ ಹೇಳಿರಬಾರದೇಕೆ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಸಾಕ್ಷಿಯ ಸಹಿ ಪಡೆಯದೆ ಠಾಣೆಯಲ್ಲಿ ಬರೆದುಕೊಳ್ಳುವ ಹೇಳಿಕೆಗೆ ಆ ದೌರ್ಬಲ್ಯವಿದೆ. ಆದ್ದರಿಂದಲೇ ಗಂಭೀರ ಪ್ರಕರಣಗಳಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಬೇಗನೆ ಹೇಳಿಕೆ ದಾಖಲಾಗಬೇಕು. ಅದು ನಿರಪರಾಧಿಯನ್ನೂ ಕಾಯುತ್ತದೆ, ಸಾಕ್ಷಿಯನ್ನೂ ಕಾಯುತ್ತದೆ. ಇನ್ನು ಗಂಗರ ಕಾಲದ ನಾಡು ಸಮಾನರ ನಾಡಾಗಿರಲಿಲ್ಲ ಎಂಬುದೂ ಸರಿಯೇ. ಊರು ಒಗ್ಗೂಡಿದ್ದಾಗ ಮಾತ್ರ ಊರು ಸಾಕ್ಷಿಗೆ ಆಸರೆ. ಜಾತಿಯಿಂದ ಊರೇ ಇಬ್ಭಾಗವಾದಲ್ಲಿ ಆ ಹೊಣೆ ಸರ್ಕಾರದ್ದು. ದಲಿತ, ಬುಡಕಟ್ಟು ಜನರ ಮೇಲಿನ ದೌರ್ಜನ್ಯ ತಡೆ ಕಾಯಿದೆಗೆ 2016ರಿಂದ ಜಾರಿಗೆ ಬಂದ ತಿದ್ದುಪಡಿಯೂ ಸುಪ್ರೀಂ ಕೋರ್ಟ್ 2018ರ ಡಿಸೆಂಬರಿನಲ್ಲಿ ಅನುಮೋದಿಸಿದ ಸಾಕ್ಷಿ ರಕ್ಷಣಾ ಯೋಜನೆಯೂ ಈ ಹೊಣೆಯನ್ನು ಒಪ್ಪಿಕೊಂಡಿವೆ. ಆ ರಕ್ಷಣೆ ವಿಚಾರಣೆಯ ದಿನದ ಬೆಂಗಾವಲಿಗೆ ಮುಗಿಯಬಾರದು. ದೂರು ದಾಖಲಾದಂದೇ ಅದು ಸಾಕ್ಷಿಯ ಮನೆ ತಲುಪಬೇಕು, ಅವನ ಕೂಲಿಗೂ ನೆಲೆಗೂ ಭದ್ರತೆ ಕೊಡಬೇಕು. ಅಷ್ಟು ಮಾಡಿದ ಸರ್ಕಾರಕ್ಕೆ ಮಾತ್ರ ಸಾಕ್ಷಿಯಿಂದ ಸತ್ಯದ ಪ್ರಮಾಣ ಕೇಳುವ ನೈತಿಕ ಹಕ್ಕಿದೆ.