ಹಳದಿ ಕಾರ್ಡಿನ ಆಚೆಗೆ: ಆಫ್ರಿಕಾಕ್ಕೆ ಹೊರಟವರ ಲಸಿಕೆ ಮತ್ತು ದಿನಗಳ ಲೆಕ್ಕ

2023ರ ಏಪ್ರಿಲ್‌ನಲ್ಲಿ ಸುಡಾನಿನ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದ ಭಾರತೀಯರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರೂ ಇದ್ದರು. ಹುಣಸೂರು, ಚನ್ನಗಿರಿ, ಶಿವಮೊಗ್ಗದ ಕಡೆಯಿಂದ ಗಿಡಮೂಲಿಕೆ ಎಣ್ಣೆ, ಲೇಪ ಮಾರಲು ಹೋದವರು ಅವರು. ‘ಆಪರೇಷನ್ ಕಾವೇರಿ’ ಹೆಸರಿನಲ್ಲಿ ಭಾರತ ಸರ್ಕಾರ ತನ್ನ ಪ್ರಜೆಗಳನ್ನು ಜೆಡ್ಡಾ ಮಾರ್ಗವಾಗಿ ಕರೆತಂದಿತು. ಏಪ್ರಿಲ್ ಕೊನೆಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕೊಟ್ಟ ಲೆಕ್ಕದಂತೆ ಅಷ್ಟರವರೆಗೆ ಬಂದಿಳಿದಿದ್ದವರು 1,191 ಮಂದಿ. ಅವರಲ್ಲಿ 117 ಮಂದಿ ಕ್ವಾರಂಟೈನ್‌ನಲ್ಲಿದ್ದರು. ಕಾರಣ ಒಂದೇ: ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡಿರಲಿಲ್ಲ. ಗುಂಡಿನ ಸದ್ದಿನಿಂದ ಪಾರಾಗಿ ತಾಯ್ನಾಡಿಗೆ ಕಾಲಿಟ್ಟವರು ಮನೆಗೆ ಹೋಗುವ ಬದಲು ಆಸ್ಪತ್ರೆಯ ವಾರ್ಡಿಗೆ ಹೋಗಬೇಕಾಯಿತು.

ಈ ಸಂಖ್ಯೆ ನಮ್ಮ ವ್ಯವಸ್ಥೆಯ ಒಂದು ದೋಷವನ್ನು ಬಯಲು ಮಾಡುತ್ತದೆ. ಉಷ್ಣವಲಯದ ದೇಶಕ್ಕೆ ಹೊರಟವರ ಲಸಿಕೆಯ ಪ್ರಶ್ನೆಯನ್ನು ನಾವು ವಿಮಾನ ನಿಲ್ದಾಣದ ಪ್ರಶ್ನೆಯನ್ನಾಗಿ ಮಾಡಿಕೊಂಡಿದ್ದೇವೆ. ಕೌಂಟರಿನಲ್ಲಿ ಕೇಳುವ ಹಳದಿ ಜ್ವರ ಲಸಿಕೆಯ ಹಳದಿ ಕಾರ್ಡು ಕೈಯಲ್ಲಿದ್ದರೆ ಸಿದ್ಧತೆ ಮುಗಿಯಿತೆಂಬ ಭಾವನೆ ಪ್ರಯಾಣಿಕರಲ್ಲೂ ಇದೆ, ಟ್ರಾವೆಲ್ ಏಜೆಂಟರಲ್ಲೂ ಇದೆ. ಕಾನೂನು ಕೇಳುವ ಲಸಿಕೆ ಬೇರೆ, ದೇಹ ಕೇಳುವ ರಕ್ಷಣೆ ಬೇರೆ. ಎರಡಕ್ಕೂ ಬೇಕಾದ ದಿನಗಳೂ ಬೇರೆ. ಯೋಜನೆ ಎಂಬುದು ಶುರುವಾಗಬೇಕಾದದ್ದು ಈ ವ್ಯತ್ಯಾಸದಿಂದ ಎಂಬುದು ಪ್ರಸ್ತುತ ಲೇಖನದ ವಾದ.

ಹಳದಿ ಜ್ವರವೇ ಇಲ್ಲದ ಭಾರತ ಅದರ ವಿಷಯದಲ್ಲಿ ಇಷ್ಟೊಂದು ಬಿಗಿಯಾಗಿರುವುದೇಕೆ? ಉತ್ತರ ನಮ್ಮ ಮನೆಯ ತೊಟ್ಟಿಗಳಲ್ಲಿದೆ. ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಯೇ ಪಟ್ಟಣಗಳಲ್ಲಿ ಹಳದಿ ಜ್ವರವನ್ನೂ ಹರಡುತ್ತದೆ. ಸೊಳ್ಳೆ ಇದೆ, ರೋಗನಿರೋಧಕ ಶಕ್ತಿಯಿಲ್ಲದ ಕೋಟ್ಯಂತರ ಜನರಿದ್ದಾರೆ. ಇಲ್ಲದಿರುವುದು ವೈರಾಣು ಮಾತ್ರ. ಪನಾಮಾ ಕಾಲುವೆ ತೆರೆದರೆ ಅಮೆರಿಕದ ಈ ರೋಗ ಏಷ್ಯಾದ ಬಂದರುಗಳಿಗೆ ನೇರವಾಗಿ ದಾಟಬಹುದೆಂದು ಉಷ್ಣವಲಯದ ರೋಗಗಳ ತಜ್ಞ ಪ್ಯಾಟ್ರಿಕ್ ಮ್ಯಾನ್ಸನ್ 1903ರಲ್ಲೇ ಎಚ್ಚರಿಸಿದ್ದರು. ಕಾಲುವೆ 1914ರಲ್ಲಿ ತೆರೆಯಿತು, ರೋಗ ಬರಲಿಲ್ಲ. ಡೆಂಗಿಯಿಂದ ಬಂದ ಪ್ರತಿಕಾಯಗಳು ಅಡ್ಡ ನಿಂತಿವೆ ಎನ್ನುವವರಿದ್ದಾರೆ, ಏಷ್ಯಾದ ಸೊಳ್ಳೆಗಳ ಹರಡುವ ಸಾಮರ್ಥ್ಯ ಕಡಿಮೆ ಎನ್ನುವವರಿದ್ದಾರೆ. ಯಾವ ವಿವರಣೆಯೂ ಪೂರ್ತಿ ಒಪ್ಪುವಂತಿಲ್ಲ. ಕಾರಣ ಖಚಿತವಾಗಿಲ್ಲದ ರಕ್ಷಣೆಯನ್ನು ನಂಬಿ ಕೂರುವುದು ಸಾರ್ವಜನಿಕ ಆರೋಗ್ಯದ ನೀತಿಯಾಗಲಾರದು. 2016ರಲ್ಲಿ ಅಂಗೋಲಾದಿಂದ ಮರಳಿದ 11 ಚೀನೀ ಪ್ರಯಾಣಿಕರಲ್ಲಿ ಹಳದಿ ಜ್ವರ ಖಚಿತವಾದದ್ದು ಆ ಭಯ ಬರೀ ಪುಸ್ತಕದ್ದಲ್ಲ ಎಂಬುದನ್ನು ತೋರಿಸಿತು. ವೈರಾಣು ಏಷ್ಯಾಕ್ಕೆ ಬಂದದ್ದು ದೃಢಪಟ್ಟದ್ದು ಅದೇ ಮೊದಲು.

ಈ ಭಯದ ಚರಿತ್ರೆಯಲ್ಲಿ ಮಲೆನಾಡಿಗೂ ಒಂದು ಪುಟವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮುಸುವಗಳೂ ಕೋತಿಗಳೂ ಸತ್ತು ಬೀಳತೊಡಗಿ, ಸುತ್ತಲ ಹಳ್ಳಿಗಳ ಜನರಿಗೂ ತೀವ್ರ ಜ್ವರ ಬಂದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳಿಗೆ ಮೊದಲು ಹೊಳೆದ ಅನುಮಾನ, ಹಳದಿ ಜ್ವರ ಕೊನೆಗೂ ಭಾರತಕ್ಕೆ ಬಂತೇ ಎಂಬುದು. ಆ ಅನುಮಾನಕ್ಕೆ ಆಧಾರವಿತ್ತು. ಮೂವತ್ತು ವರ್ಷ ಹಿಂದೆ, 1927ರಲ್ಲಿ, ಇಂದಿನ ಘಾನಾದ ಅಸಿಬಿ ಎಂಬ ರೋಗಿಯ ರಕ್ತದಿಂದ ವೈರಾಣುವನ್ನು ಮೊದಲ ಸಲ ಪ್ರತ್ಯೇಕಿಸಲು ಸಾಧ್ಯವಾದದ್ದು ಭಾರತ ಮೂಲದ ರೀಸಸ್ ಮಂಗಗಳಿಂದಲೇ. ಆಫ್ರಿಕಾದ ಮಂಗಗಳು ಸೋಂಕು ತಗುಲಿದರೂ ಸಾಮಾನ್ಯವಾಗಿ ಸಾಯುವುದಿಲ್ಲ; ನಮ್ಮವು ಸಾಯುತ್ತವೆ. ಹಾಗಾಗಿ ಕಾಡಿನಲ್ಲಿ ಮಂಗಗಳ ಸಾವು ಎಂದ ಕೂಡಲೇ ಪುಣೆಯಲ್ಲಿ ಗಂಟೆ ಬಾರಿಸಿತು. ಪರೀಕ್ಷೆಯಲ್ಲಿ ಕಂಡದ್ದು ಅದೇ ಕುಲದ, ಆದರೆ ಉಣುಗಿನಿಂದ ಹರಡುವ ಬೇರೊಂದು ವೈರಾಣು. ನಾವು ಮಂಗನ ಕಾಯಿಲೆ ಎಂದು ಕರೆಯುವುದು ಅದನ್ನೇ.

ಮುಂದೆ ಈ ಕಾಯಿಲೆಯ ಮೇಲೆ ಮಲೆನಾಡಿನಲ್ಲಿ ಕೆಲಸ ಮಾಡಿದವರಲ್ಲಿ ವಿಜ್ಞಾನಿ ಹೋರ್ಹೆ ಬೊಷೆಲ್ ಒಬ್ಬರು. ಅದಕ್ಕೂ ಮೊದಲು ಕೊಲಂಬಿಯಾದ ಕಾಡಿನಲ್ಲಿ ಮರ ಕಡಿಯುವವರನ್ನು ಗಮನಿಸುತ್ತಿದ್ದಾಗ, ಮರವೊಂದು ನೆಲಕ್ಕುರುಳಿದ ಕ್ಷಣ ತುದಿಯಲ್ಲಿ ವಾಸಿಸುವ ನೀಲಿ ಹೊಳಪಿನ ಸೊಳ್ಳೆಗಳು ಕೆಳಗಿದ್ದವರನ್ನು ಮುತ್ತಿಕೊಂಡದ್ದನ್ನು ಕಂಡವರು ಅವರು. ಕಾಡಿನ ಹಳದಿ ಜ್ವರ ಮನುಷ್ಯರಿಗೆ ದಾಟುವ ಬಗೆ ಅಲ್ಲಿ ಕಣ್ಣಿಗೆ ಬಿತ್ತು. ಪ್ರಯಾಣಿಕರಿಗೆ ಇದರಲ್ಲಿ ನೇರ ಪಾಠವಿದೆ. ಊರ ಹೋಟೆಲಿನಲ್ಲಿ ತಂಗುವವರ ಅಪಾಯ ಬೇರೆ; ಕಾಡಂಚಿನ ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಸುತ್ತಿ ವ್ಯಾಪಾರ ಮಾಡುವವರ ಅಪಾಯ ಬೇರೆ. ಕೇಳಬೇಕಾದ ಪ್ರಶ್ನೆ ಯಾವ ದೇಶಕ್ಕೆ ಎಂಬಲ್ಲಿಗೆ ನಿಲ್ಲಬಾರದು. ಯಾವ ಭಾಗಕ್ಕೆ, ಯಾವ ಋತುವಿನಲ್ಲಿ, ಏನು ಕೆಲಸಕ್ಕೆ, ಎಷ್ಟು ದಿನಕ್ಕೆ ಎಂಬುದೂ ಬೇಕು. ಹಕ್ಕಿಪಿಕ್ಕಿಗಳಲ್ಲಿ ಕೆಲವರು ಸಿಲುಕಿದ್ದ ಎಲ್ ಫಾಶರ್ ಇರುವುದು ಡಾರ್ಫುರ್‌ನಲ್ಲಿ. 2012ರಲ್ಲಿ ಅದೇ ಡಾರ್ಫುರ್‌ನಲ್ಲಿ ಹಳದಿ ಜ್ವರ ಹಬ್ಬಿ ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಅವರಿಗೆ ಆ ಲಸಿಕೆ ಬೇಕಾಗಿದ್ದುದು ಮೊದಲು ತಮ್ಮ ಜೀವಕ್ಕೆ, ಆಮೇಲೆ ಬೆಂಗಳೂರಿನ ಕೌಂಟರಿಗೆ.

ಲಸಿಕೆಯ ವಿಚಾರಕ್ಕೆ ಬರೋಣ. ಅಸಿಬಿಯಿಂದ ದೊರೆತ ವೈರಾಣುವನ್ನು ವಿಜ್ಞಾನಿ ಮ್ಯಾಕ್ಸ್ ಥೀಲರ್ ಮತ್ತು ಸಂಗಡಿಗರು ಅಂಗಾಂಶ ಕೃಷಿಯಲ್ಲಿ ನೂರಕ್ಕೂ ಹೆಚ್ಚು ಬಾರಿ ದಾಟಿಸಿ ಅದರ ವಿಷಹಲ್ಲು ಕಿತ್ತರು. 17ಡಿ ಎಂಬ ಆ ತಳಿಯ ಲಸಿಕೆ ಬಂದದ್ದು 1937ರಲ್ಲಿ. ಥೀಲರ್ ಅವರಿಗೆ 1951ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಇಂದಿಗೂ ಬಳಕೆಯಲ್ಲಿರುವುದು ಆ ತಳಿಯ ಸಂತತಿಯೇ, ಬೆಳೆಯುವುದು ಕೋಳಿಮೊಟ್ಟೆಯ ಭ್ರೂಣದಲ್ಲೇ. ಇದೊಂದು ಜೀವಂತ ಲಸಿಕೆ ಎಂಬ ಸಂಗತಿಯಿಂದಲೇ ಅದರ ಶಕ್ತಿಯೂ ಮಿತಿಗಳೂ ಹುಟ್ಟುತ್ತವೆ. ಒಂದೇ ಡೋಸು ಸಾಮಾನ್ಯವಾಗಿ ಜೀವಮಾನಕ್ಕೆ ಸಾಕು. ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕೆಂಬ ಹಳೆಯ ನಿಯಮ 2016ರ ಜುಲೈ 11ರಂದು ಕೊನೆಗೊಂಡಿತು. ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯ ಪ್ರಕಾರ ಹಳೆಯ ಕಾರ್ಡುಗಳೂ ಈಗ ಆಜೀವ ಸಿಂಧು. ಹಳೆಯ ಕಾರ್ಡಿನಲ್ಲಿ ಅವಧಿ ಮುಗಿದ ದಿನಾಂಕ ಕಂಡು ಗಾಬರಿಯಾಗುವವರಿಗೆ ಈ ಒಂದು ವಾಕ್ಯ ಎಷ್ಟೋ ಓಡಾಟ ತಪ್ಪಿಸೀತು.

ಕಾರ್ಡು ಸಿಂಧುವಾಗುವುದು ಚುಚ್ಚಿಸಿಕೊಂಡ 10 ದಿನಗಳ ನಂತರ. ಇದು ಗೊತ್ತಿರುವವರು ಸರಿಯಾಗಿ ಹನ್ನೊಂದನೆಯ ದಿನಕ್ಕೆ ಟಿಕೆಟ್ ತೆಗೆಯುತ್ತಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಮಾಹಿತಿಯನ್ನೇ ನೋಡಿದರೆ, 10 ದಿನದ ಹೊತ್ತಿಗೆ ಸಾಕಷ್ಟು ರಕ್ಷಣೆ ಪಡೆದವರು ನೂರಕ್ಕೆ 80ರಿಂದ 100. 30 ದಿನದ ಹೊತ್ತಿಗೆ 99ಕ್ಕೂ ಹೆಚ್ಚು. ಕಾನೂನಿನ ಹತ್ತು ದಿನ ಒಂದು ಕನಿಷ್ಠ ಮಿತಿ, ದೇಹದ ಲೆಕ್ಕ ಒಂದು ತಿಂಗಳು. ಇದರ ಮೇಲೆ ಇನ್ನೊಂದು ಅಂತರವೂ ಸೇರುತ್ತದೆ. ದಡಾರ, ಸೀತಾಳೆ ಸಿಡುಬಿನಂಥ ರೋಗಗಳಿಗೆ ಚುಚ್ಚಿಸಿಕೊಳ್ಳುವ ಜೀವಂತ ಲಸಿಕೆಗಳನ್ನು ಹಳದಿ ಜ್ವರದ ಲಸಿಕೆಯೊಡನೆ ಒಂದೇ ದಿನ ಕೊಡದಿದ್ದರೆ ನಡುವೆ ಕನಿಷ್ಠ ನಾಲ್ಕು ವಾರ ಬಿಡಬೇಕು. ಹಿಂದಿನ ವಾರವಷ್ಟೇ ಬೇರೊಂದು ಜೀವಂತ ಲಸಿಕೆ ಹಾಕಿಸಿಕೊಂಡು, ಮುಂದಿನ ವಾರ ಕಂಪಾಲಾಕ್ಕೆ ಹೊರಡಬೇಕಾದವರ ಮುಂದೆ ಯಾವ ವೈದ್ಯರಿಗೂ ಒಳ್ಳೆಯ ಉತ್ತರವಿರುವುದಿಲ್ಲ.

ಈ ಲಸಿಕೆ ಬೀದಿ ಬದಿಯ ಕ್ಲಿನಿಕ್ಕಿನಲ್ಲಿ ಸಿಗುವುದಿಲ್ಲ, ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ. ಪುಡಿ ರೂಪದ ಲಸಿಕೆಯ ಸೀಸೆಯಲ್ಲಿ ಸಾಮಾನ್ಯವಾಗಿ ಹಲವು ಡೋಸುಗಳಿರುತ್ತವೆ. ದ್ರಾವಣ ಬೆರೆಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಒಬ್ಬರಿಗಾಗಿ ಸೀಸೆ ಒಡೆದರೆ ಉಳಿದ ಡೋಸುಗಳೆಲ್ಲ ನಷ್ಟ. ಕೇಂದ್ರಗಳು ವಾರದ ಗೊತ್ತಾದ ದಿನಗಳಲ್ಲಿ, ಹೆಸರು ನೋಂದಾಯಿಸಿಕೊಂಡು ಲಸಿಕೆ ಕೊಡುವುದರ ಹಿಂದಿರುವ ಕಾರಣ ಇದು. ಹುಣಸೂರಿನ ಹಾಡಿಯಿಂದ ಬಸ್ಸು ಹಿಡಿದು ಬಂದವರಿಗೆ ‘ಇವತ್ತಿಲ್ಲ, ಗುರುವಾರ ಬನ್ನಿ’ ಎಂದರೆ ಅದು ಒಂದು ದಿನದ ಕೂಲಿ, ಎರಡು ಬಾರಿಯ ಬಸ್ ಚಾರ್ಜು. ಇಂಥ ಅಡಚಣೆಗಳನ್ನು ನಿರ್ಲಕ್ಷ್ಯ ಎಂದು ಕರೆದು ಪ್ರಯಾಣಿಕರ ತಲೆಗೆ ಕಟ್ಟುವುದು ನ್ಯಾಯವಲ್ಲ.

ನಿಯಮಗಳ ಸುಳಿಯಲ್ಲಿ ಬಹಳ ಜನ ಎಡವುವುದು ಮರಳಿ ಬರುವ ದಾರಿಯಲ್ಲಿ. ಉಗಾಂಡಾ, ಘಾನಾದಂಥ ದೇಶಗಳು ಒಳಬರುವ ಎಲ್ಲರಿಂದಲೂ ಕಾರ್ಡು ಕೇಳುತ್ತವೆ, ಹಾಗಾಗಿ ಅಲ್ಲಿಗೆ ಹೋಗುವವರು ಮೊದಲೇ ಹಾಕಿಸಿಕೊಂಡಿರುತ್ತಾರೆ. ಕೀನ್ಯಾ ಕೇಳುವುದು ರೋಗವಿರುವ ದೇಶಗಳಿಂದ ಬರುವವರನ್ನು. ಭಾರತ ಆ ಪಟ್ಟಿಯಲ್ಲಿಲ್ಲ, ಆದ್ದರಿಂದ ಮಸಾಯಿ ಮಾರಾ ನೋಡಲು ನೇರವಾಗಿ ನೈರೋಬಿಗೆ ಇಳಿದವರಿಗೆ ಹೋಗುವಾಗ ತೊಂದರೆಯಾಗದಿರಬಹುದು. ಹಿಂದಿರುಗುವಾಗ ಕೇಳುವುದು ಭಾರತ. ಒಂಬತ್ತು ತಿಂಗಳು ತುಂಬಿದ ಮಗುವಿನಿಂದ ಹಿಡಿದು ಎಲ್ಲರಿಗೂ ಈ ನಿಯಮ ಅನ್ವಯ. ಕಾರ್ಡಿಲ್ಲದವರಿಗೆ ಆರು ದಿನಗಳವರೆಗೆ ಕ್ವಾರಂಟೈನ್. ಆರು ದಿನ ಎಂಬುದು ರೋಗ ಹೊರಬೀಳಲು ಹಿಡಿಯುವ ಅವಧಿಯ ಲೆಕ್ಕ. ಹೋಗುವ ದೇಶದ ನಿಯಮವನ್ನಷ್ಟೇ ಓದಿ ನಿಶ್ಚಿಂತರಾಗುವವರು ಸ್ವಂತ ದೇಶದ ನಿಯಮವನ್ನು ಓದಿರುವುದಿಲ್ಲ.

ಎಲ್ಲರಿಗೂ ಈ ಲಸಿಕೆ ಆಗಿಬರುವುದಿಲ್ಲ. ಆರು ತಿಂಗಳೊಳಗಿನ ಶಿಶುಗಳಿಗೆ, ಮೊಟ್ಟೆಯಿಂದ ತೀವ್ರ ಅಲರ್ಜಿ ಇರುವವರಿಗೆ, ಥೈಮಸ್ ಗ್ರಂಥಿಯ ರೋಗವುಳ್ಳವರಿಗೆ, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರಿಗೆ ಕೊಡುವಂತಿಲ್ಲ. ಅರವತ್ತು ದಾಟಿದ ಮೇಲೆ ಮೊದಲ ಸಲ ಹಾಕಿಸಿಕೊಳ್ಳುವವರಲ್ಲಿ ಲಸಿಕೆಯ ವೈರಾಣುವೇ ಯಕೃತ್ತು, ಮೂತ್ರಪಿಂಡಗಳನ್ನು ಕೆಡಿಸುವ ಅಪರೂಪದ ತೊಂದರೆ ಉಳಿದವರಿಗಿಂತ ಹೆಚ್ಚು ಕಂಡುಬಂದಿದೆ. ನೈರೋಬಿಯಲ್ಲೋ ಅಡಿಸ್ ಅಬಾಬಾದಲ್ಲೋ ಇರುವ ಮಗನ ಮನೆಗೆ ಸೊಸೆಯ ಬಾಣಂತನಕ್ಕೆಂದು ಹೊರಟ ಅರವತ್ತೈದರ ಅಜ್ಜಿಗೆ ‘ಒಂದು ಇಂಜೆಕ್ಷನ್ ತಾನೆ’ ಎಂದು ಹೇಳಿ ಕರೆದೊಯ್ಯಬಾರದು. ಆಕೆಯ ಔಷಧಿಗಳೇನು, ಹೋಗುವ ಊರಿನಲ್ಲಿ ಅಪಾಯ ನಿಜಕ್ಕೂ ಎಷ್ಟು ಎಂದು ವೈದ್ಯರು ತೂಗಿ ನೋಡಬೇಕು. ಲಸಿಕೆ ಬೇಡವೆಂದಾದರೆ ವೈದ್ಯಕೀಯ ವಿನಾಯಿತಿ ಪತ್ರ ಬರೆದುಕೊಡಲು ಅವಕಾಶವಿದೆ. ಆ ಪತ್ರವಿದ್ದರೂ ಕ್ವಾರಂಟೈನ್ ತಪ್ಪೀತೆಂಬ ಭರವಸೆ ಇಲ್ಲ.

ಇನ್ನು ಯಾರೂ ಕೇಳದ ಲಸಿಕೆಗಳು. ಸೆನೆಗಲ್‌ನಿಂದ ಇಥಿಯೋಪಿಯಾದವರೆಗೆ ಚಾಚಿದ ಮಿದುಳುಪೊರೆ ಜ್ವರದ ಪಟ್ಟಿಯಲ್ಲಿ ಡಿಸೆಂಬರಿನಿಂದ ಜೂನ್‌ವರೆಗಿನ ಒಣ ತಿಂಗಳುಗಳು ಅಪಾಯದ ಕಾಲ. ಹಜ್ ಯಾತ್ರಿಕರಿಗೆ ಕಡ್ಡಾಯವಾಗಿರುವ ನಾಲ್ಕು ಗುಂಪಿನ ಮೆನಿಂಜೈಟಿಸ್ ಲಸಿಕೆ ಈ ಪಟ್ಟಿಯ ದೇಶಗಳಿಗೆ ಹೋಗುವವರಿಗೂ ಬೇಕು. ಟೈಫಾಯ್ಡ್‌ಗೆ ನಮ್ಮ ಹೈದರಾಬಾದಿನಲ್ಲೇ ತಯಾರಾಗುವ ಸಂಯುಕ್ತ ಲಸಿಕೆ ಇದೆ. ಬಾಲ್ಯದಲ್ಲೇ ಹೆಪಟೈಟಿಸ್ ಎ ಬಂದುಹೋದ ಹಳೆಯ ತಲೆಮಾರಿಗೆ ಆ ಲಸಿಕೆ ಅನಗತ್ಯವಿರಬಹುದು. ಫಿಲ್ಟರ್ ನೀರು ಕುಡಿದು ಬೆಳೆದ ಬೆಂಗಳೂರಿನ ಯುವಕರಿಗೆ ಹಾಗಲ್ಲ. ಹಳ್ಳಿಗಾಡಿನಲ್ಲಿ ಬಹುಕಾಲ ಇರುವವರು ಮುಂಚಿತವಾಗಿ ರೇಬಿಸ್ ಲಸಿಕೆ ಪಡೆಯುವುದು ಒಳ್ಳೆಯದು. ಮೊದಲ ದಿನ ಒಮ್ಮೆ, ಏಳು ದಿನಗಳ ನಂತರ ಇನ್ನೊಮ್ಮೆ.

ಆಫ್ರಿಕಾಕ್ಕೆ ಹೋಗುವವರನ್ನು ಅತಿ ಹೆಚ್ಚು ಕಾಡುವ ಮಲೇರಿಯಾಕ್ಕೆ ಮಾತ್ರ ಪ್ರಯಾಣಿಕರ ಲಸಿಕೆ ಎಂಬುದಿಲ್ಲ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಆರ್21 ಲಸಿಕೆ ಆ ಪ್ರದೇಶಗಳ ಮಕ್ಕಳಿಗಾಗಿ ರೂಪುಗೊಂಡದ್ದು. ಪ್ರಯಾಣಿಕರಿಗೆ ಇರುವ ದಾರಿ ಸೊಳ್ಳೆಪರದೆ ಮತ್ತು ಮಾತ್ರೆ. ಡಾಕ್ಸಿಸೈಕ್ಲಿನ್ ಆದರೆ ಹೊರಡುವ ಒಂದೆರಡು ದಿನ ಮೊದಲೇ ಶುರುಮಾಡಿ, ಊರಿಗೆ ಬಂದ ಮೇಲೂ ನಾಲ್ಕು ವಾರ ಮುಂದುವರಿಸಬೇಕು. ಊರಿಗೆ ಬಂದಾಯಿತೆಂದು ಮಾತ್ರೆ ನಿಲ್ಲಿಸುವುದು, ಆಮೇಲೆ ಬಂದ ಜ್ವರಕ್ಕೆ ಆಫ್ರಿಕಾದ ವಿಷಯ ಹೇಳದೆ ಹತ್ತಿರದ ಕ್ಲಿನಿಕ್ಕಿನಲ್ಲಿ ಚೀಟಿ ಬರೆಸಿಕೊಳ್ಳುವುದು, ಇವೆರಡೂ ಜೀವಕ್ಕೆ ಎರವಾಗುವ ತಪ್ಪುಗಳು. ಫಾಲ್ಸಿಪಾರಂ ಮಲೇರಿಯಾ ಕೆಲವೇ ದಿನಗಳಲ್ಲಿ ಮಿದುಳಿಗೆ ಏರಬಲ್ಲದು. ಹಳದಿ ಕಾರ್ಡು ತೋರಿಸಿ ಹೊರಬಿದ್ದವರಲ್ಲಿ ಎಷ್ಟೋ ಜನರಿಗೆ ಈ ಮಾತನ್ನು ಯಾರೂ ಹೇಳಿರುವುದಿಲ್ಲ, ಏಕೆಂದರೆ ಅದಕ್ಕೆ ಕಾರ್ಡಿಲ್ಲ, ಕೌಂಟರಿಲ್ಲ.

ಹಾಗಾದರೆ ಆಗಬೇಕಾದದ್ದು ಏನು? ಪ್ರಯಾಣ ನಿಶ್ಚಯವಾದ ಕೂಡಲೇ, ಹೊರಡಲು ಆರರಿಂದ ಎಂಟು ವಾರ ಇರುವಾಗಲೇ ವೈದ್ಯರನ್ನು ಕಾಣಬೇಕು. ಟಿಕೆಟ್ಟಿಗಿಂತ ಮೊದಲು ಲಸಿಕೆಯ ದಿನಾಂಕ ಗೊತ್ತಾಗಬೇಕು. ಇದು ಪ್ರಯಾಣಿಕರ ಪಾಲಿನ ಕೆಲಸ. ಸರ್ಕಾರದ ಪಾಲಿನದು ಇನ್ನೂ ದೊಡ್ಡದು. ಹಕ್ಕಿಪಿಕ್ಕಿಗಳು ಯಾವ ಊರುಗಳಿಂದ ಆಫ್ರಿಕಾಕ್ಕೆ ಹೋಗುತ್ತಾರೆಂಬುದು ಗುಟ್ಟಲ್ಲ. ಹುಣಸೂರು, ಚನ್ನಗಿರಿ, ಶಿವಮೊಗ್ಗದ ಆಸ್ಪತ್ರೆಗಳಲ್ಲಿ ತಿಂಗಳಿಗೊಮ್ಮೆ ಮಾನ್ಯತೆ ಪಡೆದ ಲಸಿಕಾ ಶಿಬಿರ ನಡೆಸಿದರೆ ಹತ್ತು ಡೋಸಿನ ಸೀಸೆ ವ್ಯರ್ಥವಾಗುವ ಮಾತೇ ಬರದು. ಅದೇ ಶಿಬಿರದಲ್ಲಿ ಮಲೇರಿಯಾ ಮಾತ್ರೆಯನ್ನೂ, ಮರಳಿದ ಮೇಲೆ ಜ್ವರ ಬಂದರೆ ಏನು ಹೇಳಬೇಕೆಂಬ ತಿಳಿವಳಿಕೆಯನ್ನೂ ಅವರ ವಾಗ್ರಿ ಭಾಷೆಯಲ್ಲೇ ಕೊಡಬಹುದು. ಆರೋಗ್ಯ ಇಲಾಖೆ ಈ ಕೆಲಸವನ್ನು ಇನ್ನೊಂದು ಯುದ್ಧ, ಇನ್ನೊಂದು ತೆರವು ಕಾರ್ಯಾಚರಣೆ ಬರುವವರೆಗೆ ಮುಂದೂಡದೆ ಕೈಗೆತ್ತಿಕೊಳ್ಳಬೇಕು.